ನೆರೆದೇಶದವರೂ ನಂಬುವಂಥ ಕೀಟ ದಾಖಲೆ: ಹೊಲದಿಂದ ಗಡಿಯಾಚೆಯವರೆಗೆ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಸಿಕ್ಕಿತು. ಅಮೆರಿಕ ಖಂಡದ ಮೂಲದ, 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿದ್ದ ಈ ಕೀಟ ಏಷ್ಯಾದಲ್ಲಿ ದಾಖಲಾದದ್ದು ಅದೇ ಮೊದಲು. ಆ ವರ್ಷ ಮುಗಿಯುವುದರೊಳಗೆ ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್‌ಗಳಲ್ಲಿ ಕಂಡಿತು. 2019ರ ಜನವರಿಯಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯ ತಲುಪಿತು, ಆ ವರ್ಷವೇ ಅಲ್ಲಿನ 26 ಪ್ರಾಂತ್ಯಗಳಿಗೆ ಹಬ್ಬಿತು. ಮೇ ತಿಂಗಳಲ್ಲಿ ನೇಪಾಳದ ನವಲಪರಾಸಿಯಲ್ಲಿ, 2020ರ ಆರಂಭದಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಟಾರೆಸ್ ಜಲಸಂಧಿಯ ದ್ವೀಪಗಳಲ್ಲಿ ಸಿಕ್ಕಿತು.

ಇದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್‌ವರೆಗೆ ಹಾರಬಲ್ಲದು. ಅದನ್ನು ಗಡಿಯಲ್ಲಿ ತಡೆಯುವುದು ಆಗದ ಮಾತು. ಆಗುವ ಕೆಲಸ ಒಂದೇ: ಹುಳು ತಲುಪುವ ಮೊದಲು ಅದರ ಸುದ್ದಿ ತಲುಪಬೇಕು, ಆ ಸುದ್ದಿಯನ್ನು ಆಚೆಯವರು ನಂಬಿ ಕೆಲಸ ಶುರು ಮಾಡುವಂತಿರಬೇಕು. ಢಾಕಾದಲ್ಲೋ ಕಠ್ಮಂಡುವಿನಲ್ಲೋ ಕೂತ ಅಧಿಕಾರಿಗೆ ನಮ್ಮ ಹಾವೇರಿಯ ಹೊಲ ಗೊತ್ತಿಲ್ಲ, ನಾವು ಯಾರೆಂದೂ ಗೊತ್ತಿಲ್ಲ. ನಮ್ಮನ್ನು ಒಂದು ಮಾತೂ ಕೇಳದೆ ಅವರು ನಮ್ಮ ದಾಖಲೆಯ ಸಾಲನ್ನು ಪರೀಕ್ಷಿಸಿ ಒಪ್ಪಬಹುದೇ ಎಂಬುದೇ ಇಲ್ಲಿನ ಅಳತೆಗೋಲು. ಮುಂದಿನ ಹಂತಗಳನ್ನೆಲ್ಲ ಆ ಒಂದು ಪ್ರಶ್ನೆ ಇಟ್ಟುಕೊಂಡೇ ಬರೆದಿದ್ದೇನೆ. ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ, ಕೃಷಿ ವಿಜ್ಞಾನ ಕೇಂದ್ರದವರು, ಕೃಷಿ ಕಾಲೇಜಿನ ವಿದ್ಯಾರ್ಥಿಗಳು, ರೈತ ಉತ್ಪಾದಕ ಸಂಸ್ಥೆಗಳಲ್ಲಿ ಬೆಳೆ ನೋಡಿಕೊಳ್ಳುವವರು ಇದನ್ನು ಬಳಸಬಹುದು. ಉದಾಹರಣೆಗೆ ಮೆಕ್ಕೆಜೋಳ ಮತ್ತು ಫಾಲ್ ಸೈನಿಕ ಹುಳುವನ್ನೇ ಇಟ್ಟುಕೊಂಡಿದ್ದೇನೆ. ಟೊಮೆಟೊ ಎಲೆ ಸುರಂಗ ಹುಳುವಿಗೂ ಹಿಟ್ಟು ತಿಗಣೆಗೂ ಕ್ರಮ ಇದೇ.

1. ಹುಳು ಯಾವುದೆಂದು ಖಾತ್ರಿ ಮಾಡಿಕೊಳ್ಳಿ

ನಮ್ಮಲ್ಲಿ ಲದ್ದಿ ಹುಳು, ಸೈನಿಕ ಹುಳು ಎಂದು ಕರೆಯುವುದು ಒಂದೇ ಕೀಟವನ್ನಲ್ಲ. ರಾಗಿ, ಜೋಳಗಳಿಗೆ ಹಿಂದಿನಿಂದಲೂ ಬೀಳುತ್ತಿದ್ದ ಮಿಥಿಮ್ನಾ ಜಾತಿಯ ಹುಳುವಿಗೂ ಅದೇ ಹೆಸರು. ಹಾಗಾಗಿ ದಾಖಲೆಯಲ್ಲಿ ಊರಿನ ಹೆಸರಿನ ಜೊತೆಗೆ ವೈಜ್ಞಾನಿಕ ಹೆಸರು ಇರಲೇಬೇಕು, ಅದೂ ರೋಮನ್ ಲಿಪಿಯಲ್ಲಿ. ಫಾಲ್ ಸೈನಿಕ ಹುಳುವನ್ನು Spodoptera frugiperda (ಸ್ಪೋಡಾಪ್ಟೆರಾ ಫ್ರೂಜಿಪರ್ಡಾ) ಎಂದು ಬರೆದರೆ ಕೊಲಂಬೊದಲ್ಲೂ ಯಾಂಗೊನ್‌ನಲ್ಲೂ ಅರ್ಥ ಒಂದೇ. ವೈಜ್ಞಾನಿಕ ಹೆಸರುಗಳೂ ಆಗಾಗ ಬದಲಾಗುತ್ತವೆ. ಟೂಟಾ ಅಬ್ಸಲ್ಯೂಟಾ ಎಂದು ಎಲ್ಲರಿಗೂ ಗೊತ್ತಿದ್ದ ಟೊಮೆಟೊ ಕೀಟಕ್ಕೆ ಈಗ ಥೋರಿಮಿಯಾ ಅಬ್ಸಲ್ಯೂಟಾ ಎಂಬ ಹೆಸರೂ ಚಾಲ್ತಿಯಲ್ಲಿದೆ. ಯುರೋಪಿನ ಸಸ್ಯ ಸಂರಕ್ಷಣಾ ಸಂಘಟನೆಯಾದ ಎಪ್ಪೊ ಪ್ರತಿ ಕೀಟಕ್ಕೂ ಒಂದು ಸಂಕೇತ ಕೊಟ್ಟಿದೆ. ಆರು ಅಕ್ಷರಗಳ ಆ ಸಂಕೇತವನ್ನು ಪಕ್ಕದ ಕಾಲಂನಲ್ಲಿ ಬರೆದಿಟ್ಟರೆ ಹೆಸರು ಬದಲಾದರೂ ದಾಖಲೆ ಕಳೆದುಹೋಗುವುದಿಲ್ಲ.

ಹೊಲದಲ್ಲಿ ಗುರುತಿಸುವುದು ಹೀಗೆ. ಸುಳಿ ಬಿಡಿಸಿ, ಬೆಳೆದ ಮರಿಹುಳು ಒಂದನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ತಲೆಯ ಮುಂಭಾಗದಲ್ಲಿ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ ಕಾಣುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ, ಅಂಥ ಗೆರೆ ಬೇರೆ ಹುಳುಗಳಲ್ಲೂ ಮಸುಕಾಗಿ ಇರುತ್ತದೆ. ಬಾಲದ ಕಡೆ ನೋಡಿ: ಕೊನೆಯಿಂದ ಎರಡನೇ ಖಂಡದ ಬೆನ್ನ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಸರಿಯಾಗಿ ಚೌಕಾಕಾರದಲ್ಲಿ ಕೂತಿರಬೇಕು. ಮಿಕ್ಕ ಖಂಡಗಳಲ್ಲಿ ಅದೇ ನಾಲ್ಕು ಚುಕ್ಕೆಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿರುತ್ತವೆ. ಸುಳಿಯಲ್ಲಿ ಒದ್ದೆ ಮರದ ಪುಡಿಯಂಥ ಲದ್ದಿ ತುಂಬಿರುವುದು ಜೊತೆಯ ಗುರುತು. ತೀರಾ ಎಳೆಯ ಹುಳುವಿನಲ್ಲಿ ಈ ಚುಕ್ಕೆಗಳು ಸ್ಪಷ್ಟವಾಗುವುದಿಲ್ಲ. ಆಗ ಒಂದೆರಡು ಹುಳುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಎಲೆ ಹಾಕಿ ಬೆಳೆಸಿ ನೋಡಬೇಕು. ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿಂದುಬಿಡುತ್ತವೆ.

ಫೋಟೊ ಮೂರು ಬೇಕು: ತಲೆ, ಬಾಲದ ಚುಕ್ಕೆಗಳು, ಹಾನಿಯಾದ ಇಡೀ ಗಿಡ. ಜಿಲ್ಲೆಯಲ್ಲಿ ಮೊದಲ ಬಾರಿ ಕಾಣುತ್ತಿರುವ ಕೀಟವಾದರೆ ಫೋಟೊ ಸಾಲದು, ಮಾದರಿಯೇ ಬೇಕು. ಮರಿಹುಳುವನ್ನು ಕುದಿದು ಇಳಿಸಿದ ನೀರಿಗೆ ಒಂದು ನಿಮಿಷ ಹಾಕಿ, ಆಮೇಲೆ ಶೇ. 70ರ ಆಲ್ಕೋಹಾಲಿಗೆ ಹಾಕಿದರೆ ಕಪ್ಪಗಾಗದೆ ಗುರುತುಗಳು ಉಳಿಯುತ್ತವೆ. ಡಿಎನ್‌ಎ ಪರೀಕ್ಷೆಗೆ ಬೇರೆ ಎರಡು ಹುಳುಗಳನ್ನು ನೇರವಾಗಿ ಶೇ. 95ಕ್ಕಿಂತ ಹೆಚ್ಚಿನ ಆಲ್ಕೋಹಾಲಿಗೆ ಹಾಕಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಇಡಿ. ಹೊರಗೆ ಅಂಟಿಸಿದ ಚೀಟಿ ಉದುರುತ್ತದೆ, ಪೆನ್ನಿನ ಮಸಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಚೀಟಿಯ ಸಂಖ್ಯೆ, ಫೋಟೊದ ಸಂಖ್ಯೆ, ದಾಖಲೆಯ ಸಾಲಿನ ಸಂಖ್ಯೆ ಮೂರೂ ಒಂದೇ ಇರಲಿ. ಜೀವಂತ ಹುಳುವನ್ನು ಮಾತ್ರ ಪರೀಕ್ಷೆಗೆಂದೂ ಇನ್ನೊಂದು ಜಿಲ್ಲೆಗೆ ಒಯ್ಯಬೇಡಿ.

2. ಎಣಿಸಿ, ಸೊನ್ನೆಯನ್ನೂ ಬರೆಯಿರಿ

"ಹಾನಿ ತೀವ್ರವಾಗಿದೆ", "ಅಲ್ಲಲ್ಲಿ ಕಂಡುಬಂದಿದೆ" ಎಂಬ ಮಾತುಗಳು ವರದಿಗೆ ಚೆನ್ನಾಗಿ ಕಾಣುತ್ತವೆ. ಆದರೆ ನಮ್ಮ ತೀವ್ರಕ್ಕೂ ಅವರ ತೀವ್ರಕ್ಕೂ ತಾಳೆ ಹಾಕಲು ಬರುವುದಿಲ್ಲ. ಬೇಕಾದದ್ದು ಎರಡು ಅಂಕಿ: ಎಷ್ಟು ಗಿಡ ನೋಡಿದಿರಿ, ಎಷ್ಟರಲ್ಲಿ ಕಂಡಿರಿ.

ಬದುವಿನ ಪಕ್ಕದ ನಾಲ್ಕೈದು ಸಾಲು ಬಿಟ್ಟು ಹೊಲದೊಳಗೆ ಹೋಗಿ. ಇಂಗ್ಲಿಷಿನ ಡಬ್ಲ್ಯೂ ಆಕಾರದಲ್ಲಿ ನಡೆಯುತ್ತ ಐದು ಕಡೆ ನಿಲ್ಲಿ. ಪ್ರತಿ ಕಡೆ ಸಾಲಾಗಿ ಹತ್ತು ಗಿಡ ನೋಡಿ, ಒಟ್ಟು ಐವತ್ತು ಗಿಡವಾಗುತ್ತದೆ. ಎಲ್ಲಿ ನಿಲ್ಲಬೇಕೆಂದು ಕಣ್ಣು ಹೇಳಿದಂತೆ ಕೇಳಬೇಡಿ. ಹಾನಿಯಾದ ಗಿಡದ ಹತ್ತಿರವೇ ಕಾಲು ನಿಲ್ಲುತ್ತದೆ, ಲೆಕ್ಕ ಹೆಚ್ಚಾಗುತ್ತದೆ. ಇಂತಿಷ್ಟು ಹೆಜ್ಜೆಗೊಮ್ಮೆ ನಿಲ್ಲುವುದೆಂದು ಮೊದಲೇ ಗೊತ್ತುಮಾಡಿಕೊಂಡರೆ ಸಾಕು. ಹಾನಿಯಲ್ಲೂ ಹಳೆಯದು, ಹೊಸದು ಬೇರೆ ಮಾಡಿ: ಸುಳಿಯ ಎಲೆಯಲ್ಲಿ ಹಸಿ ಲದ್ದಿ, ಹಸಿರು ಕೆರೆದು ತಿಂದ ಬಿಳಿ ಪೊರೆಯ ಕಲೆ ಇದ್ದರೆ ಹುಳು ಈಗ ಇದೆ. ಬಿಚ್ಚಿಕೊಂಡ ಎಲೆಗಳಲ್ಲಿ ಮಾತ್ರ ತೂತುಗಳಿದ್ದು ಸುಳಿ ಸ್ವಚ್ಛವಾಗಿದ್ದರೆ ಅದು ಹಳೆಯ ಕಥೆ. ಗಿಡಕ್ಕೆ ಹೂ ಬಂದ ಮೇಲೆ ಸುಳಿ ನೋಡುವುದರಿಂದ ಪ್ರಯೋಜನವಿಲ್ಲ, ಸೂಲಂಗಿ ಮತ್ತು ತೆನೆ ನೋಡಬೇಕು. ಏನು ನೋಡಿದಿರಿ ಎಂಬುದನ್ನೂ ಬರೆಯಬೇಕು.

ಐವತ್ತು ಗಿಡದಲ್ಲಿ ಒಂದೂ ಹುಳು ಕಾಣದಿದ್ದರೆ ಬಹಳ ಜನ ಪುಸ್ತಕ ಮುಚ್ಚಿ ಮನೆಗೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೆರೆದೇಶದವರಿಗೆ ಅತಿ ಹೆಚ್ಚು ಬೇಕಾದದ್ದು ಆ ಸಾಲೇ. ಜೂನ್ 10ರಂದು ಐವತ್ತರಲ್ಲಿ ಸೊನ್ನೆ, ಜೂನ್ 24ರಂದು ಐವತ್ತರಲ್ಲಿ ಏಳು ಎಂದು ಇದ್ದರೆ ಕೀಟ ಬಂದದ್ದು ಆ ಎರಡು ವಾರದೊಳಗೆ ಎಂದು ಗೊತ್ತಾಗುತ್ತದೆ, ಆ ದಿನಗಳ ಗಾಳಿಯ ದಿಕ್ಕು ನೋಡಿ ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋದೀತು ಎಂದು ಲೆಕ್ಕ ಹಾಕಬಹುದು. ಬರೀ ಜೂನ್ 24ರ ಸಾಲಿದ್ದರೆ ಕೀಟ ಯಾವಾಗಿನಿಂದ ಇತ್ತೋ ಯಾರಿಗೂ ತಿಳಿಯದು. ನಕ್ಷೆಯ ಮೇಲೆ ಖಾಲಿ ಇರುವ ಜಾಗಕ್ಕೆ ಎರಡು ಅರ್ಥ ಬರಬಹುದು: ಹೋಗಿ ನೋಡಿದೆವು, ಸಿಗಲಿಲ್ಲ, ಅಥವಾ ಯಾರೂ ಹೋಗಲೇ ಇಲ್ಲ. ಸೊನ್ನೆ ಬರೆದಾಗ ಮಾತ್ರ ಇವೆರಡು ಬೇರೆಯಾಗುತ್ತವೆ. ಇಲಾಖೆಗಳ ಮಾಸಿಕ ನಮೂನೆಗಳಲ್ಲಿ ಸೊನ್ನೆಗೆ ಜಾಗವೇ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ. ನಿಮ್ಮ ನಮೂನೆಯಲ್ಲಿ ಇಲ್ಲದಿದ್ದರೆ ನೀವೇ ಒಂದು ಕಾಲಂ ಸೇರಿಸಿಕೊಳ್ಳಿ.

ಮೋಹಕ ಬಲೆಯ (ಲೂರು ಎಂಬ ವಾಸನೆಯ ಬಿಲ್ಲೆಯಿಂದ ಗಂಡು ಪತಂಗಗಳನ್ನು ಸೆಳೆದು ಹಿಡಿಯುವ ಬಲೆ) ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿಡಿ, ಗಿಡದ ಎಣಿಕೆಯ ಜೊತೆ ಬೆರೆಸಬೇಡಿ. ಬಲೆಯ ಮಾದರಿ, ನೆಲದಿಂದ ಎತ್ತರ, ಲೂರಿನ ತಯಾರಕರ ಹೆಸರು ಮತ್ತು ಬ್ಯಾಚ್, ಲೂರು ಬದಲಿಸಿದ ದಿನ, ಹಿಂದಿನ ಸಲ ಬಲೆ ಖಾಲಿ ಮಾಡಿದ ದಿನ ಇವೆಲ್ಲ ಬೇಕು. ಈ ಲೂರಿಗೆ ಮಿಥಿಮ್ನಾ ಲೊರೆಯಿ ಎಂಬ ಬೇರೆ ಪತಂಗವೂ ಬೀಳುತ್ತದೆ. ಹಾಗಾಗಿ ಬಲೆಯಲ್ಲಿ ಬಿದ್ದದ್ದನ್ನೆಲ್ಲ ಒಂದೇ ಲೆಕ್ಕಕ್ಕೆ ಸೇರಿಸಿದರೆ ಇಲ್ಲದ ಕೀಟವನ್ನು ಇದೆ ಎಂದು ಸಾರಿದಂತಾಗುತ್ತದೆ. ಹೊಸ ಪ್ರದೇಶದಲ್ಲಿ ಬರೀ ಬಲೆಯ ಪತಂಗ ನೋಡಿ ಸುದ್ದಿ ಕಳಿಸಬೇಡಿ, ತಜ್ಞರು ಪತಂಗವನ್ನು ಬಿಡಿಸಿ ನೋಡಿ ಹೇಳುವವರೆಗೆ "ಖಚಿತವಾಗಿಲ್ಲ" ಎಂದೇ ಇರಲಿ.

3. ಒಂದು ಸಾಲಿನಲ್ಲಿ ಏನೇನಿರಬೇಕು

ಒಂದು ಹೊಲ, ಒಂದು ದಿನ, ಒಂದು ಕೀಟಕ್ಕೆ ಒಂದು ಸಾಲು. ಇದನ್ನು ಮೀರಬೇಡಿ. ಒಂದೇ ಕೋಶದಲ್ಲಿ ಎರಡು ಹಳ್ಳಿ, ಎರಡು ಕೀಟ ಸೇರಿಸಿದ ಹಾಳೆಯನ್ನು ಬಿಡಿಸಿ ಸರಿಪಡಿಸುವುದರಲ್ಲೇ ಆಚೆಯವರ ಒಂದು ವಾರ ಹೋಗುತ್ತದೆ.

ರಾಣೆಬೆನ್ನೂರು ತಾಲ್ಲೂಕಿನ ಒಂದು ಮೆಕ್ಕೆಜೋಳದ ಹೊಲ ಎಂದಿಟ್ಟುಕೊಳ್ಳಿ. ಸಾಲು ಹೀಗೆ ಬರುತ್ತದೆ. ದಾಖಲೆ ಸಂಖ್ಯೆ, ಹಾವೇರಿ-2024-0047. ದಿನಾಂಕ, 2024-07-08. ಸಮಯ, ಬೆಳಗ್ಗೆ 7:15ರಿಂದ 8:00. ಅಕ್ಷಾಂಶ 14.6213, ರೇಖಾಂಶ 75.6318. ಬೆಳೆ ಮೆಕ್ಕೆಜೋಳ, ವೈಜ್ಞಾನಿಕ ಹೆಸರಿನ ಜೊತೆಗೆ. ಬಿತ್ತನೆಯಾಗಿ 25 ದಿನ, ಆರು ಎಲೆಯ ಹಂತ. ಹೊಲದ ವಿಸ್ತೀರ್ಣ 0.8 ಹೆಕ್ಟೇರ್. ನೋಡಿದ ಗಿಡ 50, ಹೊಸ ಹಾನಿಯಿದ್ದ ಗಿಡ 9, ಜೀವಂತ ಹುಳು ಇದ್ದ ಗಿಡ 6, ಮೊಟ್ಟೆ ಗುಂಪು 1. ಸಮೀಕ್ಷೆಗೆ ಮುಂಚೆ ಔಷಧಿ ಹೊಡೆದಿದ್ದು: ಇಲ್ಲ. ಗುರುತಿಸಿದವರ ಹುದ್ದೆ, ಫೋಟೊ ಸಂಖ್ಯೆ, ಮಾದರಿ ಸಂಖ್ಯೆ. ಶೇಕಡಾವಾರು ಬರೆಯುವ ಅಗತ್ಯವಿಲ್ಲ. 50 ಮತ್ತು 9 ಇದ್ದರೆ ಶೇ. 18 ಎಂದು ಯಾರಾದರೂ ತೆಗೆಯುತ್ತಾರೆ, ಆದರೆ ಬರೀ ಶೇ. 18 ಇದ್ದರೆ ಎಷ್ಟು ಗಿಡ ನೋಡಿದ್ದೆಂದು ಹಿಂದಕ್ಕೆ ಲೆಕ್ಕ ಹಾಕಲು ಆಗುವುದಿಲ್ಲ.

ಗಡಿ ದಾಟುವಾಗ ಮುರಿದುಬೀಳುವ ಕಾಲಂಗಳು ಮೂರು: ದಿನ, ಜಾಗ, ವಿಸ್ತೀರ್ಣ.

ದಿನಾಂಕ. 5/6/2024 ಎಂದರೆ ನಮಗೆ ಜೂನ್ 5. ಆದರೆ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಮೇ 6 ಆಗುತ್ತದೆ, ತೆರೆದವರಿಗೆ ಗೊತ್ತೂ ಆಗುವುದಿಲ್ಲ. ನೇಪಾಳದಲ್ಲಿ ಸರ್ಕಾರಿ ಕಡತಗಳು ವಿಕ್ರಮ ಸಂವತ್‌ನಲ್ಲಿ ನಡೆಯುತ್ತವೆ. 2019ರ ಮೇ 9 ಅಲ್ಲಿ 2076ರ ವೈಶಾಖ 26. ಬಾಂಗ್ಲಾದೇಶದಲ್ಲಿ ರಬಿ, ಖಾರಿಫ್-1, ಖಾರಿಫ್-2 ಎಂಬ ಹಂಗಾಮುಗಳಿವೆ. ಶ್ರೀಲಂಕಾದಲ್ಲಿ ಮಹಾ, ಯಾಲ. ನಮ್ಮ ಮುಂಗಾರು, ಹಿಂಗಾರು ಇವಕ್ಕೆ ಸರಿಹೊಂದುವುದಿಲ್ಲ. ಆದ್ದರಿಂದ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ, ಸಾಮಾನ್ಯ ಕ್ಯಾಲೆಂಡರಿನಲ್ಲಿ, ಗೆರೆ ಹಾಕಿ ಬರೆಯಿರಿ. ಹಂಗಾಮಿನ ಹೆಸರಿನ ಬದಲು ಬಿತ್ತನೆಯಾಗಿ ಎಷ್ಟು ದಿನವಾಯಿತು ಎಂದು ಬರೆದರೆ ಎಲ್ಲ ದೇಶಕ್ಕೂ ಹೊಂದುತ್ತದೆ.

ಜಾಗ. ಊರಿನ ಹೆಸರು ಸಾಲದು. ಹೊಸಹಳ್ಳಿ ಎಂಬ ಊರು ನಮ್ಮ ರಾಜ್ಯದಲ್ಲೇ ಎಷ್ಟಿವೆ! ಮೊಬೈಲ್‌ನಲ್ಲಿ ಸಿಗುವ ಅಕ್ಷಾಂಶ, ರೇಖಾಂಶವನ್ನು ದಶಮಾಂಶದಲ್ಲಿ ನಾಲ್ಕು ಸ್ಥಾನದವರೆಗೆ ಬರೆಯಿರಿ. ಅಷ್ಟಕ್ಕೆ ಸುಮಾರು 11 ಮೀಟರಿನ ನಿಖರತೆ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಸ್ಥಾನ ಬರೆದರೂ ಮೊಬೈಲ್‌ಗೆ ಅಷ್ಟು ನಿಖರತೆ ಇರುವುದಿಲ್ಲ. ಡಿಗ್ರಿ, ನಿಮಿಷ, ಸೆಕೆಂಡ್ ಬೇಡ. ಅಕ್ಷಾಂಶಕ್ಕೊಂದು, ರೇಖಾಂಶಕ್ಕೊಂದು ಕಾಲಂ ಇರಲಿ. ಇವೆರಡು ಅದಲುಬದಲಾಗುವುದು ತುಂಬ ಸಾಮಾನ್ಯ. ಶಿವಮೊಗ್ಗದ 13.93, 75.57ನ್ನು ತಿರುಗಿಸಿ ಬರೆದರೆ ಹುಳು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣಕ್ಕೆ ಸಮುದ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಕಳಿಸುವ ಮುಂಚೆ ಇಡೀ ಹಾಳೆಯನ್ನು ಒಮ್ಮೆ ನಕ್ಷೆಯ ಮೇಲೆ ಹಾಕಿ ನೋಡಿದರೆ ಇಂಥದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ.

ವಿಸ್ತೀರ್ಣ. ನಮ್ಮಲ್ಲಿ ಎಕರೆ, ಗುಂಟೆ. ನೇಪಾಳದ ತರಾಯಿಯಲ್ಲಿ ಬಿಘಾ, ಕಟ್ಠಾ. ಗುಡ್ಡದ ಕಡೆ ರೋಪನಿ. ಬಾಂಗ್ಲಾದೇಶದಲ್ಲೂ ಬಿಘಾ ಇದೆ, ಆದರೆ ಅದೇ ಬಿಘಾ ಅಲ್ಲ: ನೇಪಾಳದ ಬಿಘಾ ಸುಮಾರು 0.68 ಹೆಕ್ಟೇರ್, ಬಾಂಗ್ಲಾದೇಶದ್ದು ಸುಮಾರು 0.13 ಹೆಕ್ಟೇರ್. ಐದು ಪಟ್ಟು ವ್ಯತ್ಯಾಸ. ಇಬ್ಬರೂ "100 ಬಿಘಾ ಹಾನಿ" ಎಂದು ಬರೆದು ಹಂಚಿಕೊಂಡರೆ ಏನಾಗುತ್ತದೆಂದು ಯೋಚಿಸಿ. ರೈತ ಹೇಳಿದ ಅಳತೆಯನ್ನು ಟಿಪ್ಪಣಿಯಲ್ಲಿ ಬರೆದುಕೊಂಡು, ಕಾಲಂನಲ್ಲಿ ಹೆಕ್ಟೇರ್ ಮಾತ್ರ ಬರೆಯಿರಿ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್.

ಔಷಧಿಯ ಕಾಲಂ ಬಿಡಬೇಡಿ. ಹಿಂದಿನ ದಿನ ಸಿಂಪಡಿಸಿದ ಹೊಲದ ಸೊನ್ನೆಗೂ ಏನೂ ಹೊಡೆಯದ ಹೊಲದ ಸೊನ್ನೆಗೂ ಸಂಬಂಧವಿಲ್ಲ.

ಹಾಳೆಯನ್ನು ಸಿಎಸ್‌ವಿ ರೂಪದಲ್ಲಿ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಠ್ಯದ ಫೈಲು) ಉಳಿಸಿ. ಬಣ್ಣ ತುಂಬಿ ಅರ್ಥ ಕೊಡುವುದು, ಕೋಶಗಳನ್ನು ಜೋಡಿಸುವುದು ಬೇಡ, ಫೈಲಿನ ರೂಪ ಬದಲಾದಾಗ ಅವೆಲ್ಲ ಮಾಯವಾಗುತ್ತವೆ. ಮಾಹಿತಿ ಇಲ್ಲದ ಕಡೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಪ್ರತಿ ಕಾಲಂನ ಅರ್ಥ, ಅಳತೆ ಮತ್ತು ವಿಧಾನ ಬರೆದ ಒಂದು ಪುಟ ಜೊತೆಯಲ್ಲೇ ಹೋಗಲಿ.

4. ಯಾರು ನೋಡಿ ಹೇಳಿದ್ದು ಎಂಬುದು ದಾಖಲೆಯ ಭಾಗ

ರೈತ ಮೊಬೈಲ್‌ನಲ್ಲಿ ಕಳಿಸಿದ ಚಿತ್ರ, ಕೃಷಿ ಅಧಿಕಾರಿ ಹೊಲಕ್ಕೆ ಹೋಗಿ ನೋಡಿದ್ದು, ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಮಾದರಿ ನೋಡಿದ್ದು, ಡಿಎನ್‌ಎ ಪರೀಕ್ಷೆಯಲ್ಲಿ ದೃಢಪಟ್ಟದ್ದು ಈ ನಾಲ್ಕಕ್ಕೂ ಬೆಲೆಯಿದೆ, ಆದರೆ ಒಂದೇ ಬೆಲೆಯಲ್ಲ. ಸಸ್ಯ ಆರೋಗ್ಯ ಕ್ರಮಗಳ ಅಂತಾರಾಷ್ಟ್ರೀಯ ಮಾನದಂಡಗಳಲ್ಲಿ ಎಂಟನೆಯದು ಕೀಟದ ಸ್ಥಿತಿ ನಿರ್ಧರಿಸುವ ಬಗೆಯದು. ಗುರುತಿಸಿದವರು ಯಾರು, ಯಾವ ವಿಧಾನದಿಂದ, ಮೂಲ ದಾಖಲೆ ಎಲ್ಲಿದೆ ಎಂಬುದರ ಮೇಲೆ ದಾಖಲೆಯ ನಂಬಿಕೆಯನ್ನು ತೂಗಬೇಕೆಂದು ಅದು ಹೇಳುತ್ತದೆ. ನೀವು ಮಾಡಬೇಕಾದದ್ದು ಸರಳ: ಖಾತ್ರಿಯ ಮಟ್ಟಕ್ಕೆ ಒಂದು ಕಾಲಂ ಇಟ್ಟು, ಮೇಲಿನ ನಾಲ್ಕರಲ್ಲಿ ಯಾವುದೆಂದು ಬರೆಯಿರಿ. ಮಟ್ಟ ಏರಿದಂತೆ ಅದೇ ಸಾಲನ್ನು ತಿದ್ದಿ, ತಿದ್ದಿದ ದಿನ ಬರೆಯಿರಿ.

ಮಾದರಿಯನ್ನು ಹತ್ತಿರದ ಕೃಷಿ ಅಥವಾ ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಮೊದಲು ತೋರಿಸಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ದೇಶದ ಪ್ರಮುಖ ಕೀಟ ಸಂಗ್ರಹಗಳಲ್ಲೊಂದನ್ನು ಇಟ್ಟುಕೊಂಡಿದೆ. ಅಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವುದು ನಮಗೆ ದೊಡ್ಡ ಅನುಕೂಲ.

5. ಕಳಿಸುವ ಮುಂಚೆ ತೆಗೆಯಬೇಕಾದದ್ದು

ರೈತರ ಹೆಸರು, ಫೋನ್ ಸಂಖ್ಯೆ, ಸರ್ವೆ ನಂಬರ್ ನಿಮ್ಮ ಮೂಲ ಹಾಳೆಯಲ್ಲೇ ಉಳಿಯಲಿ, ಹೊರಗೆ ಹೋಗುವ ಪ್ರತಿಯಲ್ಲಿ ಬೇಡ. ತನ್ನ ಹೊಲದಲ್ಲಿ ಹೊಸ ಕೀಟ ಸಿಕ್ಕಿತೆಂದು ಊರಿಗೆಲ್ಲ ಗೊತ್ತಾದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ ಎಂಬ ಅಂಜಿಕೆ ರೈತರಿಗೆ ನಿಜವಾಗಿ ಇದೆ. ಒಮ್ಮೆ ಅಂಥ ಅನುಭವವಾದರೆ ಮುಂದಿನ ಸಲ ಅವರು ಹುಳು ಕಂಡರೂ ಹೇಳುವುದಿಲ್ಲ. ಸಾರ್ವಜನಿಕ ನಕ್ಷೆಗೆ ಅಕ್ಷಾಂಶ, ರೇಖಾಂಶವನ್ನು ಎರಡು ದಶಮಾಂಶಕ್ಕೆ ಇಳಿಸಿದರೆ ಸುಮಾರು ಒಂದು ಕಿಲೋಮೀಟರ್ ಮಟ್ಟದ ಮಾಹಿತಿ ಉಳಿಯುತ್ತದೆ, ಪತಂಗದ ಓಡಾಟ ತಿಳಿಯಲು ಅಷ್ಟು ಧಾರಾಳ. ಹೀಗೆ ಇಳಿಸಿದ್ದೇವೆಂದು ಕಾಲಂ ವಿವರಣೆಯಲ್ಲಿ ಹೇಳಿಬಿಡಿ.

ದೇಶದ ಹೊರಗೆ ಮಾದರಿ ಕಳಿಸುವುದು ಬೇರೆಯೇ ವಿಷಯ. ಸತ್ತ ಕೀಟವೇ ಆದರೂ ಜೀವವೈವಿಧ್ಯ ಕಾಯ್ದೆ, 2002ರ ನಿಯಮಗಳು ಅನ್ವಯವಾಗುತ್ತವೆ, ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯ ಪ್ರಶ್ನೆ ಬರುತ್ತದೆ. ಸ್ನೇಹಿತರು ಕೇಳಿದರೆಂದು ಅಂಚೆಯಲ್ಲಿ ಕಳಿಸಬೇಡಿ. ಒಳ್ಳೆಯ ಫೋಟೊ ಮತ್ತು ಡಿಎನ್‌ಎ ಸರಣಿ ಸಾಮಾನ್ಯವಾಗಿ ಸಾಕಾಗುತ್ತದೆ.

6. ಯಾವ ದಾರಿಯಲ್ಲಿ ಕಳಿಸಬೇಕು

1951ರ ಅಂತಾರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದಲ್ಲಿ ನಾವೂ ಇದ್ದೇವೆ, ನಮ್ಮ ನೆರೆಯವರೂ ಇದ್ದಾರೆ. ಅದರಡಿ ಬಂದ 17ನೇ ಮಾನದಂಡ, ತಕ್ಷಣದ ಅಥವಾ ಮುಂದೆ ಬರಬಹುದಾದ ಅಪಾಯದ ಕೀಟ ಹೊಸದಾಗಿ ಕಂಡರೆ, ಉಲ್ಬಣಿಸಿದರೆ ಅಥವಾ ಹರಡಿದರೆ ಅದನ್ನು ನೆರೆಯವರಿಗೂ ವ್ಯಾಪಾರ ಪಾಲುದಾರರಿಗೂ ತಡಮಾಡದೆ ತಿಳಿಸಬೇಕೆನ್ನುತ್ತದೆ. ತಿಳಿಸುವ ಅಧಿಕಾರ ಮತ್ತು ಹೊಣೆ ದೇಶದ ಸಸ್ಯ ಸಂರಕ್ಷಣಾ ಸಂಸ್ಥೆಯದು. ಭಾರತದಲ್ಲಿ ಅದು ಫರೀದಾಬಾದಿನ ಸಸ್ಯ ಸಂರಕ್ಷಣೆ, ಸಂಪರ್ಕನಿಷೇಧ ಮತ್ತು ಸಂಗ್ರಹಣಾ ನಿರ್ದೇಶನಾಲಯ.

ಹಾಗಾಗಿ ದೇಶಕ್ಕೇ ಹೊಸದೆನಿಸುವ ಕೀಟ ಸಿಕ್ಕರೆ ನೀವು ನೇರವಾಗಿ ಢಾಕಾಕ್ಕೆ ಬರೆಯುವುದಲ್ಲ, ಫೇಸ್‌ಬುಕ್‌ನಲ್ಲಿ ಹಾಕುವುದೂ ಅಲ್ಲ. ಅದೇ ದಿನ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ, ಜೊತೆಜೊತೆಗೇ ಜಂಟಿ ನಿರ್ದೇಶಕರಿಗೆ ಮತ್ತು ವಿಶ್ವವಿದ್ಯಾಲಯಕ್ಕೆ ಲಿಖಿತವಾಗಿ ಕೊಡಿ. ಒಬ್ಬರಾದ ಮೇಲೆ ಒಬ್ಬರಿಗೆ ಹೋಗಲಿ ಎಂದು ಕಾಯುತ್ತಾ ಕೂತರೆ ಪತಂಗದ ಇನ್ನೊಂದು ತಲೆಮಾರು ಹುಟ್ಟಿರುತ್ತದೆ. ಬೇಸಿಗೆಯ ಬಿಸಿಯಲ್ಲಿ ಅದಕ್ಕೆ ಬೇಕಾಗುವುದು ಸುಮಾರು ಒಂದು ತಿಂಗಳು ಮಾತ್ರ. ರೈತರಿಗೆಂದು ಕೇಂದ್ರ ಸರ್ಕಾರ 2024ರ ಆಗಸ್ಟ್ 15ರಂದು ಆರಂಭಿಸಿದ ರಾಷ್ಟ್ರೀಯ ಕೀಟ ಸಮೀಕ್ಷಾ ವ್ಯವಸ್ಥೆಯ ಆ್ಯಪ್ ಕೂಡ ಇದೆ. ಅದರಲ್ಲಿ ಫೋಟೊ ಹಾಕಿದರೂ ಈ ಪತ್ರ ತಪ್ಪಿಸಬೇಡಿ.

ಪತ್ರ ಒಂದು ಪುಟ ಮೀರದಿರಲಿ. ಕೀಟ, ಬೆಳೆ, ಜಾಗ, ದಿನ, ಎಷ್ಟು ಗಿಡದಲ್ಲಿ ಎಷ್ಟು, ಗುರುತಿಸಿದವರು, ಖಾತ್ರಿಯ ಮಟ್ಟ, ಸುತ್ತಲ ಎಷ್ಟು ಹೊಲ ನೋಡಿದಿರಿ, ಎಷ್ಟರಲ್ಲಿ ಸೊನ್ನೆ. "ಈ ಕೀಟ ರಾಜ್ಯದಲ್ಲಿ ನೆಲೆಸಿದೆ" ಎಂದು ನೀವು ತೀರ್ಪು ಕೊಡಬೇಡಿ. ಇದೆ, ಸೀಮಿತವಾಗಿದೆ, ತಾತ್ಕಾಲಿಕ, ಇಲ್ಲ, ಹಳೆಯ ದಾಖಲೆ ತಪ್ಪು ಎಂದೆಲ್ಲ ಸ್ಥಿತಿ ಹೇಳುವುದು ರಾಷ್ಟ್ರೀಯ ಸಂಸ್ಥೆಯ ಕೆಲಸ.

ಈಗಾಗಲೇ ಎರಡೂ ದೇಶದಲ್ಲಿರುವ ಕೀಟದ ವಾರವಾರದ ಅಂಕಿಗಳ ಮಾತು ಬೇರೆ. ಅಲ್ಲಿ ವಿಶ್ವವಿದ್ಯಾಲಯಗಳ ಜಂಟಿ ಯೋಜನೆ, ಸಂಶೋಧಕರ ನಡುವಿನ ಒಪ್ಪಂದಗಳಿಗೆ ಜಾಗವಿದೆ, ಮೇಲಿನವರ ಒಪ್ಪಿಗೆ ಲಿಖಿತವಾಗಿ ಇದ್ದರಾಯಿತು.

ಸುದ್ದಿ ಕೊಟ್ಟರೆ ರಫ್ತು ನಿಂತೀತು ಎಂಬ ಭಯ ಎಲ್ಲ ದೇಶಗಳಲ್ಲೂ ಇದೆ, ಅದನ್ನು ಹಗುರವಾಗಿ ಕಾಣಬಾರದು. 2014ರಲ್ಲಿ ಭಾರತದ ಮಾವಿನಲ್ಲಿ ಹಣ್ಣಿನ ನೊಣ ಸಿಕ್ಕಿತೆಂದು ಯುರೋಪಿನ ಒಕ್ಕೂಟ ಆಮದು ನಿಲ್ಲಿಸಿದ್ದು ನಮ್ಮ ಬೆಳೆಗಾರರಿಗೆ ನೆನಪಿದೆ. ಆದರೆ ಗಮನಿಸಿ, ಅಲ್ಲಿ ಹುಳು ಕಂಡದ್ದು ಅವರ ಗಡಿಯ ತಪಾಸಣೆಯಲ್ಲಿ. ಯಾವ ಪ್ರದೇಶದಲ್ಲಿ ಕೀಟ ಇದೆ, ಯಾವುದರಲ್ಲಿ ಇಲ್ಲ ಎಂದು ನಮ್ಮದೇ ದಾಖಲೆಯಿಂದ ತೋರಿಸಬಲ್ಲವರಿಗೆ ಮಾತಾಡಲು ಆಧಾರವಿರುತ್ತದೆ. ಇಲ್ಲೂ ಸೊನ್ನೆಯ ಸಾಲುಗಳೇ ಕೈಹಿಡಿಯುವುದು.

7. ಹುಳು ಬರುವ ಮುಂಚೆಯೇ ಪರಿಚಯ ಬೆಳೆಸಿ

ಈ ಕೆಲಸ ಚೆನ್ನಾಗಿ ನಡೆದ ಉದಾಹರಣೆ ನಮ್ಮ ಪಶ್ಚಿಮ ಗಡಿಯಲ್ಲೇ ಇದೆ. ಮರುಭೂಮಿ ಮಿಡತೆಗಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯಡಿ 1964ರಲ್ಲಿ ರೂಪುಗೊಂಡ ನೈಋತ್ಯ ಏಷ್ಯಾ ಆಯೋಗದಲ್ಲಿ ಭಾರತ, ಪಾಕಿಸ್ತಾನ, ಇರಾನ್, ಅಫ್ಘಾನಿಸ್ತಾನ ಸದಸ್ಯರು. ಮಿಡತೆಯ ಹಂಗಾಮಾದ ಜೂನ್‌ನಿಂದ ನವೆಂಬರ್‌ವರೆಗೆ ಭಾರತ, ಪಾಕಿಸ್ತಾನಗಳ ಮಿಡತೆ ಅಧಿಕಾರಿಗಳು ರಾಜಸ್ಥಾನದ ಮುನಾಬಾವ್ ಅಥವಾ ಸಿಂಧ್‌ನ ಖೋಖ್ರಾಪಾರ್‌ನಲ್ಲಿ ಕೂತು ಆ ತಿಂಗಳ ಸಮೀಕ್ಷೆಯ ಅಂಕಿಗಳನ್ನು ವಿನಿಮಯ ಮಾಡಿಕೊಳ್ಳುವ ಪದ್ಧತಿ ಬೆಳೆದುಬಂತು. ಎರಡೂ ಕಡೆಯವರು ನೋಡುವುದು ಒಂದೇ ನಮೂನೆಯ ವಿಷಯಗಳನ್ನು: ಜಾಗ, ಮಿಡತೆ ಒಂಟಿಯೋ ಗುಂಪೋ, ಮರಿಯೋ ರೆಕ್ಕೆ ಬಂದದ್ದೋ, ಮಳೆಯಾಗಿದೆಯೇ, ಹಸಿರಿದೆಯೇ. ಇ-ಲೋಕಸ್ಟ್ ಎಂಬ ಸಾಧನದಲ್ಲಿ ಹೊಲದಿಂದಲೇ ತುಂಬಿದ ಅಂಕಿಗಳು ರೋಮ್‌ನ ಮಾಹಿತಿ ಕೇಂದ್ರ ತಲುಪುತ್ತವೆ, ಅಲ್ಲಿಂದ ಮಾಸಿಕ ಪತ್ರಿಕೆ, ಮುನ್ಸೂಚನೆ ಹೊರಡುತ್ತವೆ. ಇಷ್ಟೆಲ್ಲ ಇದ್ದೂ 2019–20ರಲ್ಲಿ ಮಿಡತೆ ರಾಜಸ್ಥಾನ ದಾಟಿ ಮಧ್ಯಪ್ರದೇಶ, ಮಹಾರಾಷ್ಟ್ರದವರೆಗೆ ಬಂತು ನಿಜ. ಆದರೆ ಎಚ್ಚರಿಕೆ ಮೊದಲೇ ಇತ್ತು.

ಇದರಲ್ಲಿ ನಾವು ಕಲಿಯಬೇಕಾದದ್ದು ಮಿಡತೆ ಇಲ್ಲದ ತಿಂಗಳಲ್ಲೂ "ಏನೂ ಕಾಣಲಿಲ್ಲ" ಎಂದು ಹೇಳಿಕೊಳ್ಳುವ ಅಭ್ಯಾಸವನ್ನು. ಸಂಕಟದ ದಿನ ಮೊದಲ ಬಾರಿ ಫೋನ್ ಮಾಡಿದರೆ ಆಚೆಯವರು ಅನುಮಾನದಿಂದಲೇ ಎತ್ತುತ್ತಾರೆ.

ಇನ್ನೊಂದು ಬಗೆಯ ಹಂಚಿಕೆಯನ್ನು ಬಾಂಗ್ಲಾದೇಶ ತೋರಿಸಿಕೊಟ್ಟಿತು. 2016ರ ಫೆಬ್ರುವರಿಯಲ್ಲಿ ಅಲ್ಲಿನ ನೈಋತ್ಯದ ಎಂಟು ಜಿಲ್ಲೆಗಳಲ್ಲಿ, ಸುಮಾರು 15,000 ಹೆಕ್ಟೇರ್ ಗೋಧಿಗೆ ಬ್ಲಾಸ್ಟ್ ಎಂಬ ಶಿಲೀಂಧ್ರ ರೋಗ ತಗುಲಿತು. ಅಲ್ಲಿಯವರೆಗೆ ಏಷ್ಯಾದಲ್ಲಿ ಕಾಣದ ರೋಗ. ವಿಜ್ಞಾನಿಗಳು ರೋಗ ತಗುಲಿದ ಎಲೆಗಳಿಂದ ನೇರವಾಗಿ ಆನುವಂಶಿಕ ಸರಣಿ ತೆಗೆದು, ಪತ್ರಿಕೆಯಲ್ಲಿ ಪ್ರಕಟವಾಗಲೆಂದು ಕಾಯದೆ, ಕಚ್ಚಾ ಮಾಹಿತಿಯನ್ನೇ ಎಲ್ಲರಿಗೂ ತೆರೆದಿಟ್ಟರು. ಬೇರೆ ದೇಶಗಳ ತಜ್ಞರು ವಿಶ್ಲೇಷಿಸಿ, ಅದು ದಕ್ಷಿಣ ಅಮೆರಿಕದಲ್ಲಿ ಗೋಧಿಗೆ ತಗುಲುವ ಶಿಲೀಂಧ್ರದ ತಳಿಗೆ ಸೇರಿದ್ದೆಂದು ಕೆಲವೇ ವಾರಗಳಲ್ಲಿ ತೋರಿಸಿದರು. ಗಡಿಯ ಈಚೆ ಪಶ್ಚಿಮ ಬಂಗಾಳದ ನದಿಯಾ, ಮುರ್ಷಿದಾಬಾದ್ ಜಿಲ್ಲೆಗಳಲ್ಲಿ ಗೋಧಿ ಬಿತ್ತದಂತೆ, ಗಡಿಯಿಂದ 5 ಕಿಲೋಮೀಟರ್ ಒಳಗೆ ಎಲ್ಲೂ ಬೆಳೆಯದಂತೆ ಕ್ರಮ ಬಂತು. ಬೆಳೆ ಬಿಡುವುದು ಆ ರೈತರಿಗೆ ಸಣ್ಣ ತ್ಯಾಗವಲ್ಲ. ಪಕ್ಕದ ದೇಶ ಮುಚ್ಚಿಡದೆ ಹೇಳಿದ್ದರಿಂದಲೇ ಆ ನಿರ್ಧಾರಕ್ಕೆ ಆಧಾರ ಸಿಕ್ಕಿತು.

8. ಆಚೆಯಿಂದ ಬಂದ ದಾಖಲೆಯನ್ನು ಓದುವುದು, ನಮ್ಮದನ್ನು ತಿದ್ದುವುದು

ಬಂದ ಹಾಳೆಯನ್ನು ನಮ್ಮ ಹಾಳೆಗೆ ತಕ್ಷಣ ಅಂಟಿಸಬೇಡಿ. ಮೂಲವನ್ನು ಮುಟ್ಟದೆ ಹಾಗೇ ಇಟ್ಟು, ಪ್ರತಿಯಲ್ಲಿ ಕೆಲಸ ಮಾಡಿ. ಬೆಳೆಯ ಹಂತ, ನೋಡಿದ ಗಿಡಗಳ ಸಂಖ್ಯೆ ಹೋಲುತ್ತವೆಯೇ ನೋಡಿ. ಅವರು ಇಪ್ಪತ್ತು ಗಿಡ ನೋಡುವ ಪದ್ಧತಿಯವರಾದರೆ ಅವರ ಸೊನ್ನೆಗೂ ನಮ್ಮ ಐವತ್ತರ ಸೊನ್ನೆಗೂ ತೂಕ ಬೇರೆ. ಅನುಮಾನ ಬಂದ ಸಾಲಿನ ಸಂಖ್ಯೆ ಹೇಳಿ ಕೇಳಿ, ಇಡೀ ಹಾಳೆಯ ಬಗ್ಗೆ ಸಂಶಯ ಸೂಚಿಸುವ ಪತ್ರ ಬರೆಯಬೇಡಿ. ಬಳಸಿಕೊಂಡ ಮೇಲೆ ಯಾವುದಕ್ಕೆ ಬಳಸಿದೆವೆಂದು ಅವರಿಗೆ ತಿಳಿಸಿ, ವರದಿಯಲ್ಲಿ ಅವರ ಸಂಸ್ಥೆಯ ಹೆಸರು ಹಾಕಿ. ಅಂಕಿ ಕೊಟ್ಟವರಿಗೆ ಫಲ ಕಾಣದಿದ್ದರೆ ಎರಡನೇ ವರ್ಷ ಅಂಕಿ ಬರುವುದು ನಿಲ್ಲುತ್ತದೆ.

ನಾವು ಕಳಿಸಿದ್ದರಲ್ಲಿ ಗುರುತಿಸುವಿಕೆ ತಪ್ಪೆಂದು ಆಮೇಲೆ ಗೊತ್ತಾದರೆ ಸಾಲನ್ನು ಅಳಿಸಬಾರದು. ಅದೇ ಸಂಖ್ಯೆ ಉಳಿಸಿಕೊಂಡು, "ಅಸಿಂಧು" ಎಂದು ಬರೆದು, ಕಾರಣ ಮತ್ತು ದಿನ ಸೇರಿಸಿ, ಮೊದಲು ಯಾರು ಯಾರಿಗೆ ಕಳಿಸಿದ್ದೆವೋ ಅವರೆಲ್ಲರಿಗೂ ಕಳಿಸಬೇಕು. ಅದಕ್ಕಾಗಿ ಪ್ರತಿ ಹಾಳೆ ಯಾವ ದಿನ ಯಾರಿಗೆ ಹೋಯಿತೆಂಬ ಪಟ್ಟಿ ಮೊದಲಿನಿಂದಲೇ ಇರಲಿ.

ಮುಂಗಾರಿನ ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲಿ, ಎರಡೂ ಕಡೆಯವರು ಆನ್‌ಲೈನ್‌ನಲ್ಲಾದರೂ ಒಮ್ಮೆ ಕೂತು ಇಷ್ಟನ್ನು ನೋಡಿಕೊಳ್ಳಬೇಕು: ಕಾಲಂಗಳ ಹೆಸರು ಬದಲಾಗಿದೆಯೇ, ಲೂರಿನ ತಯಾರಕರು ಅವರೇ ಇದ್ದಾರೆಯೇ, ವರ್ಗವಾಗಿ ಹೋದ ಅಧಿಕಾರಿಯ ಜಾಗಕ್ಕೆ ಬಂದವರು ಯಾರು, ಅವರ ಫೋನ್ ಸಂಖ್ಯೆ ಏನು, ಮೊದಲ ಹಾಳೆ ಯಾವ ದಿನ ಹೋಗಬೇಕು.